ಹಾಲಿನ ಹಣದಲ್ಲಿ ಮೆರೆದು, ಸಾಲದಲ್ಲಿ ಮುಳುಗಿ, ಮತ್ತೆ ಎದ್ದ ಪಾರ್ಮಾ

ಮಿಲಾನ್, ಟ್ಯೂರಿನ್, ರೋಮ್‌ನಂತಹ ಮಹಾನಗರಗಳ ಹೊರಗಿನ ಊರುಗಳ ಫುಟ್‌ಬಾಲ್ ಕ್ಲಬ್‌ಗಳನ್ನು ಇಟಲಿಯಲ್ಲಿ ‘ಪ್ರೊವಿಂಚಾಲೆ’, ಅಂದರೆ ಪ್ರಾಂತೀಯ ಕ್ಲಬ್ ಎಂದು ಕರೆಯುವ ರೂಢಿಯಿದೆ. ದೇಶದ ಅತ್ಯುನ್ನತ ದರ್ಜೆಯಾದ ‘ಸೀರಿ ಎ’ಯಲ್ಲಿ ಉಳಿದುಕೊಳ್ಳುವುದೇ ಇಂತಹ ಕ್ಲಬ್‌ಗಳ ಪಾಲಿಗೆ ದೊಡ್ಡ ಸಾಧನೆ. ಈ ಮಾತಿಗೆ ಅಪವಾದವಾಗಿ ನಿಂತದ್ದು ಪಾರ್ಮಾ. ಸುಮಾರು ಎರಡು ಲಕ್ಷ ಜನಸಂಖ್ಯೆಯ ನಗರದ ಈ ತಂಡ 1992ರಿಂದ 2002ರವರೆಗಿನ ಅವಧಿಯಲ್ಲಿ ನಾಲ್ಕು ಯುರೋಪಿಯನ್ ಪ್ರಶಸ್ತಿಗಳೂ ಸೇರಿದಂತೆ ಒಟ್ಟು ಎಂಟು ಪ್ರಶಸ್ತಿಗಳನ್ನು ಗೆದ್ದಿತು.

ಅದೇ ಕ್ಲಬ್ 2015ರಲ್ಲಿ ದಿವಾಳಿಯಾಗಿ ನಾಲ್ಕನೇ ದರ್ಜೆಗೆ ಇಳಿಯಿತು. ಅಲ್ಲಿಂದ ಸತತ ಮೂರು ವರ್ಷ ಬಡ್ತಿ ಪಡೆದು 2018ರಲ್ಲಿ ಮತ್ತೆ ‘ಸೀರಿ ಎ’ ತಲುಪಿತು. ಪಾರ್ಮಾದ ಏಳುಬೀಳುಗಳಲ್ಲಿ ಆಟಗಾರರ ಕಾಲ್ಚಳಕದ ಪಾಲು ಎಷ್ಟೋ, ಮಾಲೀಕರ ಲೆಕ್ಕಪುಸ್ತಕದ ಪಾಲೂ ಅಷ್ಟೇ ಇದೆ. ಒಬ್ಬನೇ ಧಣಿಯ ಹಣದ ಮೇಲೆ ನಿಂತ ಕ್ಲಬ್ ಎಷ್ಟು ಎತ್ತರಕ್ಕೆ ಏರಬಲ್ಲದು, ಆ ಆಧಾರ ಕುಸಿದಾಗ ಏನಾಗುತ್ತದೆ ಎಂಬುದಕ್ಕೆ ಈ ಕ್ಲಬ್ಬಿನ ಚರಿತ್ರೆ ನಿದರ್ಶನವಾಗಿದೆ.

ಸಂಗೀತಗಾರನ ಹೆಸರಿನಲ್ಲಿ ಹುಟ್ಟು

ಉತ್ತರ ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರದೇಶದಲ್ಲಿ, ಪೋ ನದಿಯ ಬಯಲಿನಲ್ಲಿರುವ ಪಾರ್ಮಾ ಒಂದು ಕಾಲಕ್ಕೆ ಸ್ವತಂತ್ರ ಡ್ಯೂಕ್ ಸಂಸ್ಥಾನದ ರಾಜಧಾನಿಯಾಗಿತ್ತು. ಪಾರ್ಮಿಜಾನೊ ಗಿಣ್ಣು ಮತ್ತು ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಖಾದ್ಯ ಈ ನಗರದ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿವೆ. ಪಾಸ್ತಾ ತಯಾರಿಕೆಗೆ ಹೆಸರಾದ ಬರಿಲ್ಲಾ ಕಂಪನಿ 1877ರಲ್ಲಿ ಆರಂಭವಾದದ್ದು ಇಲ್ಲಿಯೇ. ಗೀತನಾಟಕ, ಅಂದರೆ ಒಪೆರಾ, ಈ ಊರಿನವರ ಮತ್ತೊಂದು ಅಭಿಮಾನ. ಜಗತ್ಪ್ರಸಿದ್ಧ ಒಪೆರಾ ಸಂಯೋಜಕ ಜುಸೆಪ್ಪೆ ವೆರ್ದಿ 1813ರಲ್ಲಿ ಜನಿಸಿದ್ದು ಪಾರ್ಮಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ.

ವೆರ್ದಿಯ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, 1913ರ ಜುಲೈನಲ್ಲಿ, ಆತನ ಹೆಸರಿನಲ್ಲಿಯೇ ‘ವೆರ್ದಿ ಫುಟ್‌ಬಾಲ್ ಕ್ಲಬ್’ ಸ್ಥಾಪನೆಯಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದರ ಹಲವು ಆಟಗಾರರು ಸೇರಿ ‘ಪಾರ್ಮಾ ಫುಟ್‌ಬಾಲ್ ಕ್ಲಬ್’ ಕಟ್ಟಿದರು. ಹಳದಿ ಮತ್ತು ನೀಲಿ ನಗರದ ಬಣ್ಣಗಳು. ಬಿಳಿಯ ಅಂಗಿಯ ಮೇಲೆ ಕಪ್ಪು ಶಿಲುಬೆ ಇರುವ ಉಡುಪು ಹೊಸ ಕ್ಲಬ್ಬಿನ ಗುರುತಾಯಿತು. ಈ ಶಿಲುಬೆಯಿಂದಾಗಿಯೇ ತಂಡಕ್ಕೆ ‘ಕ್ರೊಚಾತಿ’, ಅಂದರೆ ಧರ್ಮಯೋಧರು ಎಂಬ ಅಡ್ಡಹೆಸರು ಬಂದಿತು.

ತಂಡದ ತವರು ಮೈದಾನಕ್ಕೆ ಎನಿಯೊ ತಾರ್ದಿನಿ ಅವರ ಹೆಸರಿಡಲಾಗಿದೆ. ವೃತ್ತಿಯಿಂದ ವಕೀಲರಾಗಿದ್ದ ತಾರ್ದಿನಿ ಕ್ಲಬ್ಬಿನ ಅಧ್ಯಕ್ಷರಾಗಿ ಕ್ರೀಡಾಂಗಣದ ನಿರ್ಮಾಣಕ್ಕೆ ಚಾಲನೆ ನೀಡಿದರು. ಕಾಮಗಾರಿ ಮುಗಿಯುವ ಮೊದಲೇ ಅವರು ನಿಧನರಾದರು. 1923ರಲ್ಲಿ ಆರಂಭವಾದ ಈ ಕ್ರೀಡಾಂಗಣದಲ್ಲಿಯೇ ತಂಡ ಇಂದಿಗೂ ಆಡುತ್ತಿದೆ.

ಕೆಳದರ್ಜೆಗಳ ದಶಕಗಳು

1929ರಲ್ಲಿ ಇಟಲಿಯ ಫುಟ್‌ಬಾಲ್ ಇಂದಿನ ‘ಸೀರಿ ಎ’ ಮತ್ತು ‘ಸೀರಿ ಬಿ’ ದರ್ಜೆಗಳಾಗಿ ವಿಂಗಡಣೆಯಾದಾಗ ಪಾರ್ಮಾಕ್ಕೆ ಎರಡನೇ ದರ್ಜೆಯಲ್ಲಿ ಸ್ಥಾನ ದೊರೆಯಿತು. ಅನಂತರದ ಆರು ದಶಕಗಳ ಕಾಲ ತಂಡ ಎರಡನೇ, ಮೂರನೇ ಮತ್ತು ನಾಲ್ಕನೇ ದರ್ಜೆಗಳ ನಡುವೆ ಏರುತ್ತ ಇಳಿಯುತ್ತ ಕಾಲ ಕಳೆಯಿತು. 1968ರಲ್ಲಿ ಹಣಕಾಸಿನ ಮುಗ್ಗಟ್ಟಿನಿಂದ ಕ್ಲಬ್ ಮುಚ್ಚುವ ಸ್ಥಿತಿಗೆ ಬಂದಿತು. ಊರಿನ ಮತ್ತೊಂದು ಸಣ್ಣ ಕ್ಲಬ್ ಆದ ಪಾರ್ಮೆನ್ಸೆ 1970ರಲ್ಲಿ ಪಾರ್ಮಾದ ಹೆಸರು ಮತ್ತು ಶಿಲುಬೆಯ ಅಂಗಿಯನ್ನು ವಹಿಸಿಕೊಂಡು ಪರಂಪರೆಯನ್ನು ಮುಂದುವರಿಸಿತು. ಕ್ಲಬ್ಬಿನ ಹೆಸರು ಸಾಲದ ಸುಳಿಗೆ ಸಿಲುಕಿ ಮತ್ತೊಬ್ಬರ ಕೈಯಲ್ಲಿ ಮರುಜೀವ ಪಡೆದದ್ದು ಅದೇ ಮೊದಲು. ಅದೇ ಕೊನೆಯಾಗಲಿಲ್ಲ.

1985ರಲ್ಲಿ ಆರಿಗೊ ಸಾಕಿ ತರಬೇತುದಾರರಾಗಿ ಬಂದರು. ವೃತ್ತಿಪರ ಆಟಗಾರನಾಗಿ ಹೆಸರು ಮಾಡದ, ಶೂ ವ್ಯಾಪಾರದಿಂದ ಫುಟ್‌ಬಾಲ್‌ಗೆ ಬಂದ ಸಾಕಿ, ಮೊದಲ ವರ್ಷವೇ ತಂಡವನ್ನು ‘ಸೀರಿ ಬಿ’ಗೆ ಏರಿಸಿದರು. ಮರುವರ್ಷ ಇಟಲಿ ಕಪ್ ಟೂರ್ನಿಯಲ್ಲಿ ಎರಡನೇ ದರ್ಜೆಯ ಪಾರ್ಮಾ, ಪ್ರಬಲ ಮಿಲಾನ್ ತಂಡವನ್ನು ಅದರ ತವರಿನಲ್ಲಿಯೇ ಸೋಲಿಸಿತು. ಈ ಸೋಲಿನಿಂದ ಪ್ರಭಾವಿತರಾದ ಮಿಲಾನ್ ಮಾಲೀಕ ಸಿಲ್ವಿಯೊ ಬೆರ್ಲುಸ್ಕೊನಿ 1987ರಲ್ಲಿ ಸಾಕಿಯನ್ನೇ ತಮ್ಮ ಕ್ಲಬ್ಬಿಗೆ ಕರೆದೊಯ್ದರು. ಸಾಕಿ ಮಾರ್ಗದರ್ಶನದಲ್ಲಿ ಮಿಲಾನ್ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದು ಈಗ ಇತಿಹಾಸ. ಒಳ್ಳೆಯದನ್ನು ಬೆಳೆಸುವುದು, ಬೆಳೆದ ಕೂಡಲೇ ದೊಡ್ಡವರಿಗೆ ಬಿಟ್ಟುಕೊಡುವುದು: ಪ್ರಾಂತೀಯ ಕ್ಲಬ್ಬಿನ ಹಣೆಬರಹ ಇದು ಎಂಬಂತಿತ್ತು ಅಂದಿನ ಸ್ಥಿತಿ.

ಪಾರ್ಮಲಾಟ್ ಪ್ರವೇಶ

ಈ ಹಣೆಬರಹವನ್ನು ಬದಲಿಸಿದ್ದು ಹಾಲು. ಪಾರ್ಮಾ ಸಮೀಪದ ಕೊಲೆಕ್ಕಿಯೊ ಎಂಬ ಊರಿನಲ್ಲಿ ಕಾಲಿಸ್ಟೊ ತಾಂಜಿ 1961ರಲ್ಲಿ ಪಾರ್ಮಲಾಟ್ ಡೇರಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ಅಧಿಕ ಉಷ್ಣತೆಯಲ್ಲಿ ಸಂಸ್ಕರಿಸಿ ರಟ್ಟಿನ ಪೊಟ್ಟಣದಲ್ಲಿ ತುಂಬಿದ, ತಿಂಗಳುಗಟ್ಟಲೆ ಕೆಡದೆ ಉಳಿಯುವ ಹಾಲು ಈ ಸಂಸ್ಥೆಯನ್ನು ಬಹುರಾಷ್ಟ್ರೀಯ ಕಂಪನಿಯಾಗಿ ಬೆಳೆಸಿತು. 1980ರ ದಶಕದ ಉತ್ತರಾರ್ಧದಲ್ಲಿ ಕ್ಲಬ್ಬಿನ ಪ್ರಾಯೋಜಕನಾಗಿ ಬಂದ ಪಾರ್ಮಲಾಟ್, 1990ರ ಆರಂಭದಲ್ಲಿ ಅಧ್ಯಕ್ಷ ಎರ್ನೆಸ್ಟೊ ಚೆರೆಸಿನಿ ನಿಧನರಾದ ಬಳಿಕ ಕ್ಲಬ್ಬಿನ ಒಡೆತನವನ್ನೂ ಪಡೆಯಿತು.

ಅದೇ ವರ್ಷದ ಮೇ ತಿಂಗಳಲ್ಲಿ, ನೆವಿಯೊ ಸ್ಕಾಲಾ ತರಬೇತಿಯ ತಂಡ, ನೆರೆಯ ರೆಜ್ಜೊ ನಗರದ ಸಾಂಪ್ರದಾಯಿಕ ಎದುರಾಳಿ ರೆಜ್ಜಾನಾವನ್ನು 2-0ರಿಂದ ಸೋಲಿಸಿ ಮೊದಲ ಬಾರಿಗೆ ‘ಸೀರಿ ಎ’ಗೆ ಬಡ್ತಿ ಪಡೆಯಿತು. ಬ್ರೆಜಿಲ್‌ನ ಗೋಲ್‌ಕೀಪರ್ ತಫರೆಲ್, ಸ್ವೀಡನ್ನಿನ ಥಾಮಸ್ ಬ್ರೊಲಿನ್, ಬೆಲ್ಜಿಯಂನ ಜಾರ್ಜ್ ಗ್ರೂನ್ ತಂಡ ಸೇರಿದರು. ಮೊದಲ ವರ್ಷವೇ ಪಾರ್ಮಾ ಯುವೆಂಟಸ್‌ಗಿಂತ ಮೇಲಿನ ಸ್ಥಾನದಲ್ಲಿ ಲೀಗ್ ಮುಗಿಸಿ ಯುಇಎಫ್ಎ ಕಪ್ ಟೂರ್ನಿಗೆ ಅರ್ಹತೆ ಗಳಿಸಿತು.

ಕಂಪನಿಗೆ ಇದರಿಂದ ಲಾಭವಿತ್ತು. ಹೊಸ ದೇಶಗಳ ಮಾರುಕಟ್ಟೆಗೆ ಕಾಲಿಡುತ್ತಿದ್ದ ಪಾರ್ಮಲಾಟ್‌ಗೆ ಫುಟ್‌ಬಾಲ್ ಸುಲಭವಾದ ಜಾಹೀರಾತು ಮಾಧ್ಯಮ. ಬ್ರೆಜಿಲ್‌ನ ಪಾಲ್ಮೆರಾಸ್ ಕ್ಲಬ್ಬನ್ನೂ ಅದು ಇದೇ ಉದ್ದೇಶದಿಂದ ಪ್ರಾಯೋಜಿಸಿತ್ತು. ಪಾರ್ಮಾ ಗೆದ್ದಷ್ಟೂ ಹಾಲಿನ ಪೊಟ್ಟಣದ ಹೆಸರು ದೂರದ ದೇಶಗಳನ್ನು ತಲುಪುತ್ತಿತ್ತು.

ಎಂಟು ಪ್ರಶಸ್ತಿಗಳ ದಶಕ

ಮೂವರು ಮಧ್ಯರಕ್ಷಕರು ಮತ್ತು ಎರಡೂ ಬದಿಯಲ್ಲಿ ಮೈದಾನದುದ್ದಕ್ಕೂ ಓಡುವ ಆಟಗಾರರು ಸ್ಕಾಲಾ ರೂಪಿಸಿದ ಪದ್ಧತಿಯ ತಿರುಳು. 1992ರಲ್ಲಿ ಇಟಲಿ ಕಪ್ ಫೈನಲ್‌ನ ಮೊದಲ ಪಂದ್ಯವನ್ನು ಯುವೆಂಟಸ್‌ಗೆ 1-0ರಿಂದ ಸೋತ ತಂಡ, ತವರಿನಲ್ಲಿ ನಡೆದ ಎರಡನೇ ಪಂದ್ಯದಲ್ಲಿ 2-0ರಿಂದ ಗೆದ್ದು ಚೊಚ್ಚಲ ಪ್ರಶಸ್ತಿ ತನ್ನದಾಗಿಸಿಕೊಂಡಿತು. 1993ರ ಮೇ 12ರಂದು ಲಂಡನ್ನಿನ ವೆಂಬ್ಲಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ತಂಡವನ್ನು 3-1ರಿಂದ ಮಣಿಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಎತ್ತಿ ಹಿಡಿಯಿತು. ಆ ಸಾಲಿನ ಸೂಪರ್ ಕಪ್‌ನಲ್ಲಿ ಮಿಲಾನ್ ವಿರುದ್ಧ ತವರಿನಲ್ಲಿ ಸೋತರೂ, ಎದುರಾಳಿಯ ಮೈದಾನದಲ್ಲಿ ಹೆಚ್ಚುವರಿ ಅವಧಿಯ ಬಳಿಕ 2-0ರಿಂದ ಗೆದ್ದಿತು.

ಜಾನ್‌ಫ್ರಾಂಕೊ ಜೋಲಾ, ಕೊಲಂಬಿಯಾದ ಫೌಸ್ಟಿನೊ ಆಸ್ಪ್ರಿಯಾ ಮುಂತಾದವರ ಸೇರ್ಪಡೆಯಿಂದ ತಂಡ ಮತ್ತಷ್ಟು ಬಲಗೊಂಡಿತು. 1995ರ ಯುಇಎಫ್ಎ ಕಪ್ ಫೈನಲ್‌ನಲ್ಲಿ ಮತ್ತೆ ಎದುರಾದದ್ದು ಯುವೆಂಟಸ್. ಆ ವರ್ಷ ಲೀಗ್ ಮತ್ತು ಇಟಲಿ ಕಪ್ ಎರಡನ್ನೂ ಯುವೆಂಟಸ್ ಗೆದ್ದುಕೊಂಡಿತು. ಯುಇಎಫ್ಎ ಕಪ್ ಮಾತ್ರ ಪಾರ್ಮಾದ ಪಾಲಾಯಿತು. ಫೈನಲ್‌ನ ಎರಡು ಪಂದ್ಯಗಳಲ್ಲಿ ಪಾರ್ಮಾ ಗಳಿಸಿದ ಎರಡೂ ಗೋಲುಗಳು ಅದಕ್ಕೂ ಹಿಂದಿನ ವರ್ಷ ಯುವೆಂಟಸ್‌ನಿಂದಲೇ ಬಂದಿದ್ದ ದಿನೊ ಬಾಜಿಯೊ ಅವರದು.

1995ರ ನವೆಂಬರ್ 19ರಂದು ಮಿಲಾನ್ ವಿರುದ್ಧದ ಪಂದ್ಯದಲ್ಲಿ 17 ವರ್ಷದ ಜಾನ್‌ಲೂಯಿಜಿ ಬುಫಾನ್ ಪಾರ್ಮಾದ ಗೋಲು ಕಾಯಲು ನಿಂತರು. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಮುಂದೆ ವಿಶ್ವದ ಶ್ರೇಷ್ಠ ಗೋಲ್‌ಕೀಪರ್‌ಗಳಲ್ಲಿ ಒಬ್ಬರೆನಿಸಿದ ಬುಫಾನ್ ಅವರ ಮೊದಲ ‘ಸೀರಿ ಎ’ ಪಂದ್ಯವದು. ಫಾಬಿಯೊ ಕನವಾರೊ, ಫ್ರಾನ್ಸಿನ ಲಿಲಿಯಾನ್ ತುರಾಮ್, ಅರ್ಜೆಂಟೀನಾದ ಹರ್ನಾನ್ ಕ್ರೆಸ್ಪೊ ಇದೇ ಕಾಲದ ತಾರೆಗಳು. 1996-97ರಲ್ಲಿ, ಹಿಂದೆ ಪಾರ್ಮಾದಲ್ಲಿಯೇ ಆಟಗಾರನಾಗಿ ಬೆಳಕಿಗೆ ಬಂದಿದ್ದ ಕಾರ್ಲೊ ಅಂಚೆಲೋಟಿ ತರಬೇತಿಯಲ್ಲಿ ತಂಡ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಚಾಂಪಿಯನ್ ಯುವೆಂಟಸ್‌ಗೂ ಪಾರ್ಮಾಕ್ಕೂ ಇದ್ದ ಅಂತರ ಕೇವಲ ಎರಡು ಅಂಕ. ಲೀಗ್ ಪ್ರಶಸ್ತಿಗೆ ಪಾರ್ಮಾ ಇಷ್ಟು ಹತ್ತಿರ ಮತ್ತೆಂದೂ ಬರಲಿಲ್ಲ.

1999ರಲ್ಲಿ ಅಲ್ಬರ್ಟೊ ಮಲೆಸಾನಿ ಮಾರ್ಗದರ್ಶನದ ತಂಡ ಇಟಲಿ ಕಪ್, ಮಾಸ್ಕೋದಲ್ಲಿ ಫ್ರಾನ್ಸಿನ ಮಾರ್ಸೆ ತಂಡವನ್ನು 3-0ರಿಂದ ಸೋಲಿಸಿ ಯುಇಎಫ್ಎ ಕಪ್, ಮತ್ತು ಆಗಸ್ಟ್‌ನಲ್ಲಿ ಇಟಲಿಯ ಸೂಪರ್ ಕಪ್ ಗೆದ್ದಿತು. ಅಲ್ಲಿಂದ ಮಾರಾಟದ ಕಾಲ ಆರಂಭವಾಯಿತು. 1999ರಲ್ಲಿ ವೆರಾನ್, 2000ದಲ್ಲಿ ಅಂದಿನ ವಿಶ್ವದಾಖಲೆಯ ಮೊತ್ತಕ್ಕೆ ಕ್ರೆಸ್ಪೊ ಲಾಜಿಯೊ ಸೇರಿದರು. 2001ರಲ್ಲಿ ಬುಫಾನ್ ಮತ್ತು ತುರಾಮ್ ಯುವೆಂಟಸ್‌ಗೆ, 2002ರಲ್ಲಿ ಕನವಾರೊ ಇಂಟರ್‌ಗೆ ಹೋದರು. 2002ರ ಮೇ ತಿಂಗಳಲ್ಲಿ ಯುವೆಂಟಸ್ ವಿರುದ್ಧ ಗೆದ್ದ ಇಟಲಿ ಕಪ್ ಆ ವೈಭವದ ಕೊನೆಯ ಪ್ರಶಸ್ತಿಯಾಯಿತು. 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ನಾಯಕ ಕನವಾರೊ ಮತ್ತು ಗೋಲ್‌ಕೀಪರ್ ಬುಫಾನ್ ಇಬ್ಬರೂ ಪಾರ್ಮಾದಲ್ಲಿ ಪಳಗಿದವರಾಗಿದ್ದರು ಎಂಬುದು ಗಮನಾರ್ಹ.

ಇಲ್ಲದ ಖಾತೆಯ ಹಣ

2003ರ ಡಿಸೆಂಬರ್‌ನಲ್ಲಿ ಪಾರ್ಮಲಾಟ್ ಸಾಮ್ರಾಜ್ಯ ಕುಸಿಯಿತು. ಕೇಮನ್ ದ್ವೀಪದಲ್ಲಿ ನೋಂದಣಿಯಾಗಿದ್ದ ಅಂಗಸಂಸ್ಥೆಯೊಂದರ ಹೆಸರಿನಲ್ಲಿ ಬ್ಯಾಂಕ್ ಆಫ್ ಅಮೆರಿಕದಲ್ಲಿ ಇದೆಯೆಂದು ತೋರಿಸಲಾಗಿದ್ದ ಸುಮಾರು 395 ಕೋಟಿ ಯೂರೊ ಹಣ ವಾಸ್ತವದಲ್ಲಿ ಇರಲೇ ಇಲ್ಲ. ಅದನ್ನು ಸಮರ್ಥಿಸಲು ನೀಡಿದ್ದ ಪತ್ರ ನಕಲಿ ಎಂದು ಬ್ಯಾಂಕ್ ಪ್ರಕಟಿಸಿತು. ತನಿಖೆ ಮುಂದುವರಿದಂತೆ ಕಂಪನಿಯ ಲೆಕ್ಕದಲ್ಲಿನ ಕೊರತೆ ಸುಮಾರು 1,400 ಕೋಟಿ ಯೂರೊ ಎಂದು ತಿಳಿದುಬಂದಿತು. ಯುರೋಪಿನ ಅತಿ ದೊಡ್ಡ ಕಾರ್ಪೊರೇಟ್ ವಂಚನೆಗಳಲ್ಲಿ ಇದೂ ಒಂದು. ಕಂಪನಿಯ ಬಾಂಡ್‌ಗಳಲ್ಲಿ ಉಳಿತಾಯ ತೊಡಗಿಸಿದ್ದ ಸಾವಿರಾರು ಸಾಮಾನ್ಯ ಕುಟುಂಬಗಳು ಹಣ ಕಳೆದುಕೊಂಡವು. ತಾಂಜಿ ಬಂಧನಕ್ಕೊಳಗಾಗಿ, ಬಳಿಕ ಶಿಕ್ಷೆಗೂ ಗುರಿಯಾದರು. ಅವರು 2022ರ ಜನವರಿ 1ರಂದು ನಿಧನರಾದರು.

ತಾಂಜಿಯವರ ಮಗ ಸ್ಟೆಫಾನೊ ಅಧ್ಯಕ್ಷರಾಗಿದ್ದ ಕ್ಲಬ್ಬಿಗೂ ಪೆಟ್ಟು ಬಿತ್ತು. ಕ್ಲಬ್ ವಿಶೇಷ ಆಡಳಿತಕ್ಕೆ ಒಳಪಟ್ಟು, 2004ರಲ್ಲಿ ಹೊಸ ಹೆಸರಿನ ಸಂಸ್ಥೆಯಾಗಿ ಮುಂದುವರಿಯಿತು. ಆಟಗಾರರ ಮಾರಾಟ ಅನಿವಾರ್ಯವಾಯಿತು. ಆದರೂ 2005ರಲ್ಲಿ ತಂಡ ಒಂದೆಡೆ ಯುಇಎಫ್ಎ ಕಪ್‌ನ ಸೆಮಿಫೈನಲ್ ತಲುಪಿತು. ಮತ್ತೊಂದೆಡೆ ಹಿಂಬಡ್ತಿಯಿಂದ ಪಾರಾಗಲು ಬೊಲೊನಾ ವಿರುದ್ಧ ವಿಶೇಷ ಪಂದ್ಯಗಳನ್ನು ಆಡಬೇಕಾಯಿತು. ಮೊದಲ ಪಂದ್ಯವನ್ನು ತವರಿನಲ್ಲಿ ಸೋತು, ಬೊಲೊನಾದಲ್ಲಿ 2-0ರಿಂದ ಗೆದ್ದು ದರ್ಜೆ ಉಳಿಸಿಕೊಂಡಿತು.

ಒಂದು ಯೂರೊ ಬೆಲೆಯ ಕ್ಲಬ್

2007ರ ಜನವರಿಯಲ್ಲಿ ಉದ್ಯಮಿ ತೊಮಾಸೊ ಗಿರಾರ್ದಿ ಕ್ಲಬ್ ಖರೀದಿಸಿದರು. 2008ರಲ್ಲಿ, 18 ವರ್ಷಗಳ ಬಳಿಕ, ತಂಡ ‘ಸೀರಿ ಬಿ’ಗೆ ಇಳಿದರೂ ಮರುವರ್ಷವೇ ಮರಳಿತು. 2013-14ರಲ್ಲಿ ರೊಬೆರ್ಟೊ ದೊನಾದೊನಿ ತರಬೇತಿಯಲ್ಲಿ ಆರನೇ ಸ್ಥಾನ ಗಳಿಸಿ ಯುರೋಪಿಯನ್ ಟೂರ್ನಿಗೆ ಅರ್ಹತೆ ಪಡೆಯಿತು. ಆದರೆ ಸುಮಾರು 3 ಲಕ್ಷ ಯೂರೊ ಆದಾಯ ತೆರಿಗೆಯನ್ನು ಸಕಾಲದಲ್ಲಿ ಪಾವತಿಸಿಲ್ಲವೆಂಬ ಕಾರಣಕ್ಕೆ ಅದಕ್ಕೆ ಪರವಾನಗಿ ನಿರಾಕರಿಸಲಾಯಿತು. ಆ ಸ್ಥಾನ ಟೊರಿನೊ ಪಾಲಾಯಿತು.

ತೆರಿಗೆ ಬಾಕಿ ದೊಡ್ಡ ರೋಗದ ಸಣ್ಣ ಲಕ್ಷಣವಾಗಿತ್ತು. ಕ್ಲಬ್ಬಿನೊಂದಿಗೆ ಕರಾರು ಹೊಂದಿದ್ದ ಆಟಗಾರರ ಸಂಖ್ಯೆಯೇ ಇನ್ನೂರು ದಾಟಿತ್ತು. ಅವರಲ್ಲಿ ಹೆಚ್ಚಿನವರು ಬೇರೆ ತಂಡಗಳಿಗೆ ಎರವಲು ಹೋದವರು. ಗಿರಾರ್ದಿ 2014ರ ಡಿಸೆಂಬರ್‌ನಲ್ಲಿ ಕ್ಲಬ್ಬನ್ನು ಸಾಂಕೇತಿಕವಾಗಿ ಒಂದು ಯೂರೊಗೆ ಮಾರಿದರು. ಎರಡು ತಿಂಗಳೊಳಗೆ ಅದು ಅದೇ ಬೆಲೆಗೆ ಜಾಂಪಿಯೆತ್ರೊ ಮನೆಂತಿ ಕೈಗೆ ಬಂದಿತು. ಸಂಬಳಕ್ಕೆ ಹಣ ತರುವ ಭರವಸೆ ಈಡೇರಲಿಲ್ಲ. ಬಾಕಿ ವಸೂಲಿಗಾಗಿ ಕ್ಲಬ್ಬಿನ ವಾಹನಗಳು ಜಪ್ತಿಯಾದವು. 2015ರ ಫೆಬ್ರುವರಿಯಲ್ಲಿ ಉದಿನೆಸೆ ವಿರುದ್ಧದ ಪಂದ್ಯ, ಕ್ರೀಡಾಂಗಣದ ಭದ್ರತಾ ಸಿಬ್ಬಂದಿಗೆ ಕೊಡಲು ದುಡ್ಡಿಲ್ಲದೆ ಮುಂದಕ್ಕೆ ಹೋಯಿತು. ‘ದರೋಡೆಯ ನಿಮಿತ್ತ ಮುಚ್ಚಿದೆ’ ಎಂಬ ಅರ್ಥದ ಫಲಕವನ್ನು ಅಭಿಮಾನಿಗಳು ಕ್ರೀಡಾಂಗಣದ ದ್ವಾರಕ್ಕೆ ತೂಗುಹಾಕಿದರು.

ಮಾರ್ಚ್ 19ರಂದು ನ್ಯಾಯಾಲಯ ಕ್ಲಬ್ಬನ್ನು ದಿವಾಳಿ ಎಂದು ಘೋಷಿಸಿತು. ಒಟ್ಟು ಸಾಲ ಸುಮಾರು 21.8 ಕೋಟಿ ಯೂರೊ. ಉಳಿದ ಪಂದ್ಯಗಳನ್ನು ಮುಗಿಸಲು ಲೀಗ್‌ನ ಇತರ ಕ್ಲಬ್‌ಗಳು 50 ಲಕ್ಷ ಯೂರೊ ನೆರವು ಒದಗಿಸಿದವು. ತಿಂಗಳುಗಟ್ಟಲೆ ಸಂಬಳವಿಲ್ಲದ, ಅಂಕಪಟ್ಟಿಯ ತಳದಲ್ಲಿದ್ದ ಇದೇ ತಂಡ ಏಪ್ರಿಲ್‌ನಲ್ಲಿ, ಆ ವರ್ಷ ಚಾಂಪಿಯನ್ ಆಗಲಿದ್ದ ಯುವೆಂಟಸ್‌ಅನ್ನು 1-0ರಿಂದ ಸೋಲಿಸಿತು. ಆದರೆ ಜೂನ್ ಕಳೆದರೂ ಸಾಲ ಹೊತ್ತು ಕ್ಲಬ್ ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ.

ಊರಿನ ಕೈಗೆ ಬಂದ ಕ್ಲಬ್

ಇಟಲಿಯ ನಿಯಮಗಳ ಪ್ರಕಾರ, ಕ್ಲಬ್ ದಿವಾಳಿಯಾದ ನಗರದಿಂದ ಹೊಸ ಸಂಸ್ಥೆಯೊಂದು ನಾಲ್ಕನೇ ದರ್ಜೆಯಾದ ‘ಸೀರಿ ಡಿ’ಯಲ್ಲಿ ಆಡಲು ಅವಕಾಶವಿದೆ. 2015ರ ಜುಲೈನಲ್ಲಿ ‘ಪಾರ್ಮಾ ಕಾಲ್ಚೊ 1913’ ಈ ದಾರಿ ಹಿಡಿಯಿತು. ಬರಿಲ್ಲಾ ಕಂಪನಿಯ ಗುಯಿದೊ ಬರಿಲ್ಲಾ, ರೇಸ್ ಕಾರು ತಯಾರಕ ಜಾನ್ ಪಾವೊಲೊ ದಲಾರಾ, ನಿರ್ಮಾಣ ಉದ್ಯಮಿ ಪಾವೊಲೊ ಪಿಜಾರೊಟಿ ಸೇರಿದಂತೆ ಏಳು ಮಂದಿ ಸ್ಥಳೀಯ ಉದ್ಯಮಿಗಳು ‘ಹೊಸ ಆರಂಭ’ ಎಂಬ ಅರ್ಥದ ‘ನುವೊವೊ ಇನಿಟ್ಸಿಯೊ’ ಸಂಸ್ಥೆಯ ಮೂಲಕ ಬಂಡವಾಳ ಹೂಡಿದರು. ಅಭಿಮಾನಿಗಳಿಗೂ ಷೇರು ಕೊಳ್ಳಲು ಅವಕಾಶ ಕಲ್ಪಿಸಲಾಯಿತು. ಒಬ್ಬನ ಕೈಯಲ್ಲಿದ್ದ ಒಡೆತನ ಹಲವರಿಗೆ ಹಂಚಿಹೋಯಿತು.

1990ರ ದಶಕದ ಶಿಲ್ಪಿ ನೆವಿಯೊ ಸ್ಕಾಲಾ ಅಧ್ಯಕ್ಷರಾಗಿ ಮರಳಿದರು. ಅವರ ತಂಡದ ರಕ್ಷಣಾ ಆಟಗಾರರಾಗಿದ್ದ ಲುಯಿಜಿ ಅಪೊಲೊನಿ ತರಬೇತುದಾರರಾದರು. ನಾಯಕ ಅಲೆಸಾಂದ್ರೊ ಲುಕರೆಲಿ, ಮೂರು ದರ್ಜೆ ಕೆಳಗೆ ಇಳಿಯಬೇಕಾಗಿ ಬಂದರೂ ತಂಡ ಬಿಡಲಿಲ್ಲ. 9 ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ವರ್ಷವಿಡೀ ಪಂದ್ಯ ನೋಡುವ ಟಿಕೆಟ್ ಖರೀದಿಸಿದರು. ನಾಲ್ಕನೇ ದರ್ಜೆಯ ಮಟ್ಟಿಗೆ ಅದು ದಾಖಲೆ.

2015-16ರಲ್ಲಿ ಆಡಿದ 38 ಪಂದ್ಯಗಳಲ್ಲಿ 28 ಗೆಲುವು, 10 ಡ್ರಾಗಳೊಂದಿಗೆ ತಂಡ ಅಜೇಯವಾಗಿ ಬಡ್ತಿ ಪಡೆಯಿತು. 2017ರ ಜೂನ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಅಲೆಸಾಂಡ್ರಿಯಾವನ್ನು 2-0ರಿಂದ ಸೋಲಿಸಿ ‘ಸೀರಿ ಬಿ’ಗೆ ಏರಿತು. 2018ರ ಮೇ 18ರಂದು ಅಂತಿಮ ಸುತ್ತಿನಲ್ಲಿ ಪಾರ್ಮಾ ಸ್ಪೆಟ್ಸಿಯಾ ವಿರುದ್ಧ 2-0ರಿಂದ ಗೆದ್ದಿತು. ಅದೇ ಹೊತ್ತಿಗೆ ಪ್ರತಿಸ್ಪರ್ಧಿ ಫ್ರೊಸಿನೊನೆ ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡದ್ದರಿಂದ ಎರಡನೇ ಸ್ಥಾನ ಪಾರ್ಮಾಕ್ಕೆ ಒಲಿಯಿತು. ನಾಲ್ಕನೇ ದರ್ಜೆಯಿಂದ ಸತತ ಮೂರು ಬಡ್ತಿಗಳ ಮೂಲಕ ‘ಸೀರಿ ಎ’ ತಲುಪಿದ ಮೊದಲ ಇಟಾಲಿಯನ್ ಕ್ಲಬ್ ಎಂಬ ಹೆಗ್ಗಳಿಕೆ ಅದರದಾಯಿತು. ಕೆಳಗಿನಿಂದ ಮೇಲಿನವರೆಗೂ ಜತೆಗಿದ್ದ ಲುಕರೆಲಿ ಅಲ್ಲಿಗೆ ನಿವೃತ್ತರಾದರು.

ಈಚಿನ ವರ್ಷಗಳು

‘ಸೀರಿ ಎ’ಯ ಖರ್ಚನ್ನು ದೀರ್ಘಕಾಲ ಭರಿಸುವುದು ಸ್ಥಳೀಯ ಉದ್ಯಮಿಗಳಿಗೆ ಸುಲಭವಾಗಿರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಉದ್ಯಮಿ ಕೈಲ್ ಕ್ರೌಸ್ ಅವರ ಸಮೂಹ ಬಹುಪಾಲು ಷೇರುಗಳನ್ನು ಖರೀದಿಸಿತು. ಮೊದಲ ವರ್ಷವೇ ತಂಡ ಕೊನೆಯ ಸ್ಥಾನಕ್ಕೆ ಕುಸಿದು ‘ಸೀರಿ ಬಿ’ಗೆ ಇಳಿಯಿತು. ಆಗ, ಇಪ್ಪತ್ತು ವರ್ಷಗಳ ಬಳಿಕ, ಬುಫಾನ್ ತಮ್ಮ ಮೊದಲ ಕ್ಲಬ್ಬಿಗೆ ಮರಳಿದರು. ಎರಡನೇ ದರ್ಜೆಯಲ್ಲಿ ಎರಡು ವರ್ಷ ಆಡಿ 2023ರ ಆಗಸ್ಟ್‌ನಲ್ಲಿ, 45ನೇ ವಯಸ್ಸಿನಲ್ಲಿ, ಆಟಕ್ಕೆ ವಿದಾಯ ಹೇಳಿದರು.

2024ರಲ್ಲಿ ಫಾಬಿಯೊ ಪೆಕಿಯಾ ತರಬೇತಿಯಲ್ಲಿ ಪಾರ್ಮಾ ಮೊದಲ ಬಾರಿಗೆ ‘ಸೀರಿ ಬಿ’ ಚಾಂಪಿಯನ್ ಆಗಿ ಮೇಲಿನ ದರ್ಜೆಗೆ ಮರಳಿತು. 2025ರ ಮೇ ತಿಂಗಳಲ್ಲಿ ಲೀಗ್‌ನ ಕೊನೆಯ ಪಂದ್ಯದಲ್ಲಿ ಬೆರ್ಗಮೊ ನಗರದ ಅಟಲಾಂಟಾವನ್ನು ಅದರ ತವರಿನಲ್ಲಿ 3-2ರಿಂದ ಸೋಲಿಸಿ ಸ್ಥಾನ ಭದ್ರಪಡಿಸಿಕೊಂಡಿತು. ಒಂದು ಕಾಲಕ್ಕೆ ಯುರೋಪಿನ ಪ್ರಶಸ್ತಿಗಳಿಗೆ ಸ್ಪರ್ಧಿಸುತ್ತಿದ್ದ ಕ್ಲಬ್ಬಿಗೆ ದರ್ಜೆ ಉಳಿಸಿಕೊಳ್ಳುವುದೇ ಮತ್ತೆ ಸಂಭ್ರಮದ ವಿಷಯವಾಯಿತು. ಪಾರ್ಮಾ ಈಗಲೂ ಹೊರಗಿನ ಒಬ್ಬ ಧಣಿಯ ಹಣವನ್ನು ಅವಲಂಬಿಸಿದೆ. ಆದರೆ ಧಣಿ ಕೈಬಿಟ್ಟ ದಿನವೂ ಕ್ಲಬ್ಬನ್ನು ಉಳಿಸಿಕೊಳ್ಳಬಲ್ಲೆವೆಂದು ಆ ಊರಿನ ಜನ 2015ರಲ್ಲಿ ತೋರಿಸಿಕೊಟ್ಟಿದ್ದಾರೆ.

ಪಾರ್ಮಾ: ಒಂದು ನೋಟ

ಸ್ಥಾಪನೆ: 1913
ತವರು ಮೈದಾನ: ಎನಿಯೊ ತಾರ್ದಿನಿ ಕ್ರೀಡಾಂಗಣ
‘ಸೀರಿ ಎ’ ಪ್ರವೇಶ: 1990
ಲೀಗ್‌ನಲ್ಲಿ ಅತ್ಯುತ್ತಮ ಸಾಧನೆ: ಎರಡನೇ ಸ್ಥಾನ (1996-97)
ಇಟಲಿ ಕಪ್: 1992, 1999, 2002
ಇಟಲಿಯ ಸೂಪರ್ ಕಪ್: 1999
ಯುರೋಪಿಯನ್ ಕಪ್ ವಿನ್ನರ್ಸ್ ಕಪ್: 1993
ಯುರೋಪಿಯನ್ ಸೂಪರ್ ಕಪ್: 1993ರ ಸಾಲು
ಯುಇಎಫ್ಎ ಕಪ್: 1995, 1999
ದಿವಾಳಿ ಮತ್ತು ಮರುಸ್ಥಾಪನೆ: 2015